ಕೆಲಸ ಒಪ್ಪಿ ಹಿಂದೆ ಸರಿಯುವುದು

ಕೆಲಸಕ್ಕೆ ಬರುತ್ತೇನೆಂದು ಒಪ್ಪಿದವರು ಹಾಜರಾಗುವ ಮೊದಲೇ, ಹಲವೊಮ್ಮೆ ಕೊನೆಯ ಗಳಿಗೆಯಲ್ಲಿ, ಒಲ್ಲೆನೆನ್ನುವುದು. ಭಾರತದಲ್ಲಿ ಇದು ತಾನಾಗಿ ಅಪರಾಧವಲ್ಲ, ಕರಾರಿನ ಭಂಗ. ನೊಂದವರು ಹಣ ಕೇಳಬಹುದು, ದುಡಿಮೆಯನ್ನಲ್ಲ.

ಕಾನೂನು: 1872ರ ಭಾರತೀಯ ಕರಾರು ಅಧಿನಿಯಮದ 5ನೆಯ ಕಲಮಿನಂತೆ, ಒಪ್ಪಿಗೆಯು ಮಾಲೀಕರ ಅರಿವಿಗೆ ಬರುವ ಮುನ್ನ ಅದನ್ನು ಹಿಂಪಡೆಯಬಹುದು. ಆಮೇಲೆ ಸರಿದರೆ 73ನೆಯ ಕಲಮಿನಡಿ ನಷ್ಟಪರಿಹಾರ ಕೇಳಲು ಬರುತ್ತದೆ. ಆದರೆ ನಷ್ಟವನ್ನು ರುಜುವಾತುಪಡಿಸಬೇಕು. ಕೊಟ್ಟ ನೇಮಕಾತಿ ಪತ್ರವನ್ನು ಒಪ್ಪಿಗೆಯ ಬಳಿಕ ರದ್ದುಗೊಳಿಸುವ ಮಾಲೀಕರಿಗೂ ಇದೇ ನಿಯಮ. ಒಲ್ಲದವರಿಂದ ಕೆಲಸ ಮಾಡಿಸುವಂತೆ ನ್ಯಾಯಾಲಯ ಆದೇಶಿಸುವುದಿಲ್ಲ. 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ 14ನೆಯ ಕಲಮು ಅದನ್ನು ತಡೆಯುತ್ತದೆ.

ಇತಿಹಾಸ: ಮೊದಲು ಹೀಗಿರಲಿಲ್ಲ. ಬ್ರಿಟಿಷ್ ಸರ್ಕಾರದ 1859ರ 13ನೆಯ ಅಧಿನಿಯಮದಂತೆ, ಮುಂಗಡ ಪಡೆದು ಕೆಲಸಕ್ಕೆ ಬಾರದ ಕೂಲಿಗಳನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬಹುದಿತ್ತು. ಹಣ ಮರಳಿಸಬೇಕು, ಇಲ್ಲವೇ ದುಡಿಯಬೇಕು; ಆದೇಶ ಮೀರಿದರೆ ಮೂರು ತಿಂಗಳವರೆಗೆ ಸಜೆ. ಈ ಶಾಸನ 1926ರ ಏಪ್ರಿಲ್‌ನಲ್ಲಿ ರದ್ದಾಯಿತು.

ಕಬ್ಬಿನ ಸೀಮೆಯಲ್ಲಿ: ಗೋಕಾಕ ತಾಲ್ಲೂಕಿನ ಧುಪದಾಳದಲ್ಲಿ ಘಟಪ್ರಭಾ ನದಿಗೆ ಕಟ್ಟಿದ ಒಡ್ಡಿನಿಂದ ಎಡದಂಡೆ ಕಾಲುವೆ ಹೊರಡುತ್ತದೆ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ನೀರಾವರಿ ಭೂಮಿಯಲ್ಲಿ ಕಬ್ಬು ಮುಖ್ಯ ಬೆಳೆ. ಇಲ್ಲಿ ಕೆಲಸದ ಒಪ್ಪಂದ ಕಾಗದಕ್ಕಿಂತ ಮುಂಗಡದ ಮೇಲೆ ನಿಂತಿದೆ. ಹಂಗಾಮಿಗೆ ತಿಂಗಳುಗಳ ಮೊದಲೇ ಟ್ರ್ಯಾಕ್ಟರ್ ಮಾಲೀಕರು ಕಟಾವಿನ ಗ್ಯಾಂಗಿನ ಮುಖಂಡನಾದ ಮುಕಾದಮನಿಗೆ ಹಣ ಕೊಡುತ್ತಾರೆ. ಗ್ಯಾಂಗ್ ಬಾರದಿದ್ದರೆ ಟ್ರ್ಯಾಕ್ಟರ್ ನಿಲ್ಲುತ್ತದೆ, ಮಾಲೀಕರ ಸಾಲದ ಬಡ್ಡಿ ಬೆಳೆಯುತ್ತದೆ, ಹೊಲದಲ್ಲಿ ಕಬ್ಬು ಒಣಗುತ್ತದೆ. ಹಣ ಪಡೆಯುವಾಗಲೇ ಬಾರದಿರುವ ಉದ್ದೇಶವಿತ್ತೆಂದು ಸಾಬೀತಾದರೆ ಮಾತ್ರ ಅದು ವಂಚನೆಯ ಅಪರಾಧ. ಬರಲಾಗದೆ ಹೋದದ್ದು ಸಿವಿಲ್ ವ್ಯಾಜ್ಯ. ಮುಂಗಡವನ್ನೇ ನೆಪ ಮಾಡಿ ಕೂಲಿಗಳನ್ನು ಬೇರೆಡೆ ಹೋಗಗೊಡದೆ ದುಡಿಸಿಕೊಳ್ಳುವುದು 1976ರ ಜೀತ ಪದ್ಧತಿ ರದ್ದತಿ ಅಧಿನಿಯಮದ ಪ್ರಕಾರ ಅಪರಾಧ; ಅಂಥ ಸಾಲವನ್ನು ತೀರಿಸಬೇಕಾಗಿಯೂ ಇಲ್ಲ.

ಬಾಂಡ್: ಬ್ಯಾಂಕು, ಕಂಪನಿಗಳಲ್ಲಿ ಮುಂಗಡದ ಜಾಗದಲ್ಲಿ ಬಾಂಡ್ ಇದೆ. 1931ರಲ್ಲಿ ಮಂಗಳೂರಿನಲ್ಲಿ ಆರಂಭವಾದ ವಿಜಯಾ ಬ್ಯಾಂಕ್, ಮೂರು ವರ್ಷ ತುಂಬುವ ಮೊದಲು ಕೆಲಸ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂದು ಅಧಿಕಾರಿಗಳಿಗೆ ಷರತ್ತು ವಿಧಿಸಿತ್ತು. ಇದನ್ನು ಪ್ರಶ್ನಿಸಿದ ಉದ್ಯೋಗಿಯ ಪರ ಕರ್ನಾಟಕ ಹೈಕೋರ್ಟ್ ನೀಡಿದ್ದ ತೀರ್ಪನ್ನು ಸುಪ್ರೀಂ ಕೋರ್ಟ್ 2025ರ ಮೇ 14ರಂದು ತಳ್ಳಿಹಾಕಿ ಷರತ್ತನ್ನು ಎತ್ತಿಹಿಡಿಯಿತು. ಷರತ್ತು ಕೆಲಸ ಬಿಡುವುದನ್ನು ತಡೆಯುವುದಿಲ್ಲ, ಮುಕ್ತ ನೇಮಕಾತಿಯನ್ನು ಮತ್ತೆ ನಡೆಸುವ ಹೊರೆ ಸಾರ್ವಜನಿಕ ಬ್ಯಾಂಕಿನ ಮೇಲೆ ಬೀಳುತ್ತದೆ ಎಂಬುದು ಅದರ ತರ್ಕ. ಹಾಜರಾಗುವ ಮೊದಲೇ ಹಿಂದೆ ಸರಿದವರಿಗೆ ಇಂಥ ಷರತ್ತು ಅನ್ವಯಿಸುತ್ತದೆಯೇ ಎಂಬುದು ಅವರು ಸಹಿ ಮಾಡಿದ ಪತ್ರದ ಒಕ್ಕಣೆಯನ್ನು ಅವಲಂಬಿಸಿದೆ.