ಐನೂರು ಮೀಟರಿನ ಅಳತೆ: ಡೆಬೋರಾ ಹೆರಾಲ್ಡ್ ಮತ್ತು ಮಹಿಳಾ ಟ್ರ್ಯಾಕ್ ಸೈಕ್ಲಿಂಗ್‌ನ ಚರಿತ್ರೆ

ರಾಯಚೂರು ಜಿಲ್ಲೆ ದೇವದುರ್ಗ ತಾಲ್ಲೂಕಿನ ಮಸರಕಲ್‌ನಂಥ ಊರಿನಲ್ಲಿ ಐನೂರು ಮೀಟರನ್ನು ಯಾರೂ ದೂರ ಎಂದು ಎಣಿಸುವುದಿಲ್ಲ. ಹೊಲಕ್ಕೆ ಬುತ್ತಿ ಒಯ್ಯುವ ಹುಡುಗಿ ಅಷ್ಟು ದಾರಿಯನ್ನು ಗಮನಿಸದೆಯೇ ನಡೆದಿರುತ್ತಾಳೆ. ಆದರೆ ಟ್ರ್ಯಾಕ್ ಸೈಕ್ಲಿಂಗ್‌ನಲ್ಲಿ ಗಡಿಯಾರದ ವಿರುದ್ಧ ಒಬ್ಬರೇ ಓಡುವ ಟೈಮ್ ಟ್ರಯಲ್‌ನಲ್ಲಿ ಹೆಣ್ಣುಮಕ್ಕಳಿಗೆಂದು ಬಹುಕಾಲ ಅಳೆದು ಕೊಟ್ಟಿದ್ದು ಇಷ್ಟೇ ದೂರ. ಗಂಡಸರಿಗೆ ಅದು ಒಂದು ಕಿಲೋಮೀಟರ್. ಭಾರತದ ಸೈಕ್ಲಿಸ್ಟ್ ಡೆಬೋರಾ ಹೆರಾಲ್ಡ್ ಅವರ ಕ್ರೀಡಾ ಬದುಕನ್ನು ಈ ಅರ್ಧ ಅಳತೆಯನ್ನು ಎದುರಿಗಿಟ್ಟುಕೊಂಡೇ ಓದಬೇಕು ಎಂಬುದು ನನ್ನ ವಾದ. ಅವರ ಕಾಲಿನ ಕಸುವಿಗೆ ಸಿಕ್ಕ ಫಲವನ್ನು ಬೇರೆಯವರು ಬರೆದ ನಿಯಮ ಮತ್ತು ಬೇರೆಯವರು ಕಟ್ಟಿದ ಟ್ರ್ಯಾಕ್ ನಿರ್ಧರಿಸಿದವು.

ಮೊದಲು ಆ ಟ್ರ್ಯಾಕಿನ ಸ್ವರೂಪ ತಿಳಿಯಬೇಕು. ವೆಲೊಡ್ರೋಮ್ ಎಂದರೆ ಮೊಟ್ಟೆಯಾಕಾರದ ಸುತ್ತು. ತಿರುವುಗಳಲ್ಲಿ ಅದರ ನೆಲ ಗೋಡೆಯಂತೆ ಏಳುತ್ತದೆ. ಜಾತ್ರೆಯಲ್ಲಿ ಹಲಗೆಯ ಬಾವಿಯೊಳಗೆ ಮೋಟಾರ್ ಸೈಕಲ್ ಸುತ್ತುವುದನ್ನು ನೋಡಿದವರಿಗೆ ಇದರ ಅಂದಾಜು ಸಿಗುತ್ತದೆ. ಒಲಿಂಪಿಕ್ಸ್‌ಗೆ ಬೇಕಾದ ಸುತ್ತಿನ ಉದ್ದ 250 ಮೀಟರ್. ಇಲ್ಲಿ ಓಡುವ ಸೈಕಲ್ಲಿಗೆ ಬ್ರೇಕ್ ಇಲ್ಲ, ಗೇರ್ ಒಂದೇ. ಚಕ್ರ ತಿರುಗುತ್ತಿರುವವರೆಗೂ ಪೆಡಲ್ ತಿರುಗಲೇಬೇಕು. ವೇಗ ತಗ್ಗಿಸಬೇಕಾದರೆ ಪೆಡಲನ್ನು ಕಾಲಿನಿಂದಲೇ ಹಿಂದಕ್ಕೆ ಒತ್ತಬೇಕು. ನಿಂತಲ್ಲಿಂದ ಹೊರಟು ಎರಡು ಸುತ್ತು ಮುಗಿಸುವುದೇ ಐನೂರು ಮೀಟರ್ ಟೈಮ್ ಟ್ರಯಲ್. ಜಗತ್ತಿನ ಅಗ್ರಗಣ್ಯರಿಗೆ ಅದು ಸುಮಾರು ಮೂವತ್ತನಾಲ್ಕು ಸೆಕೆಂಡಿನ ಕೆಲಸ.

ಮಹಿಳೆಯರಿಗೆ ಟ್ರ್ಯಾಕಿನ ವಿಶ್ವ ಚಾಂಪಿಯನ್‌ಷಿಪ್ ತೆರೆದದ್ದು 1958ರಲ್ಲಿ. ಆ ವರ್ಷದ ಸ್ಪ್ರಿಂಟ್ ಪ್ರಶಸ್ತಿ ಸೋವಿಯತ್ ಒಕ್ಕೂಟದ ಗಲಿನಾ ಯೆರ್ಮೊಲಾಯೆವಾ ಅವರಿಗೆ ಸಂದಿತು. ಮರುವರ್ಷ ಇಂಗ್ಲೆಂಡಿನ ಬೆರಿಲ್ ಬರ್ಟನ್ ಪರ್ಸ್ಯೂಟ್ (ಟ್ರ್ಯಾಕಿನ ಎದುರುಬದುರು ಬದಿಗಳಿಂದ ಹೊರಟು ಬೆನ್ನಟ್ಟುವ) ಸ್ಪರ್ಧೆ ಗೆದ್ದರು. ಯಾರ್ಕ್‌ಷೈರಿನ ತೋಟವೊಂದರಲ್ಲಿ ಮೈಮುರಿದು ದುಡಿಯುತ್ತಿದ್ದ ಹೆಣ್ಣುಮಗಳು ಈಕೆ. 1966ರ ಹೊತ್ತಿಗೆ ಪರ್ಸ್ಯೂಟ್‌ನಲ್ಲಿ ಐದು ಸಲ ವಿಶ್ವ ಚಾಂಪಿಯನ್ ಆದರು. 1967ರಲ್ಲಿ ಹನ್ನೆರಡು ಗಂಟೆಗಳ ರಸ್ತೆ ಸ್ಪರ್ಧೆಯಲ್ಲಿ 277.25 ಮೈಲಿ ತುಳಿದು ಗಂಡಸರನ್ನೂ ಹಿಂದೆ ಹಾಕಿದರು. ಇಷ್ಟಾದರೂ ಅವರು ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಲೇ ಇಲ್ಲ. ಅವರ ಉತ್ತುಂಗದ ವರ್ಷಗಳಲ್ಲಿ ಅಲ್ಲಿ ಮಹಿಳೆಯರಿಗೆ ಸೈಕ್ಲಿಂಗೇ ಇರಲಿಲ್ಲ. ರಸ್ತೆ ಸ್ಪರ್ಧೆ ಸೇರಿದ್ದು 1984ರಲ್ಲಿ, ಟ್ರ್ಯಾಕ್ ಸ್ಪ್ರಿಂಟ್ 1988ರ ಸೋಲ್‌ನಲ್ಲಿ. ಅಲ್ಲಿ ಸೋವಿಯತ್ ಪರ ಚಿನ್ನ ಗೆದ್ದ ಎರಿಕಾ ಸಲುಮಾಯೆ ನಾಲ್ಕು ವರ್ಷದ ನಂತರ ಬಾರ್ಸಿಲೋನಾದಲ್ಲಿ ತಮ್ಮ ಸ್ವತಂತ್ರ ಎಸ್ಟೋನಿಯಾದ ಹೆಸರಿನಲ್ಲಿ ಮತ್ತೆ ಗೆದ್ದರು.

ಐನೂರು ಮೀಟರ್ ಟೈಮ್ ಟ್ರಯಲ್ ಒಲಿಂಪಿಕ್ಸ್‌ಗೆ ಬಂದದ್ದು 2000ದ ಸಿಡ್ನಿಯಲ್ಲಿ. ಫ್ರಾನ್ಸಿನ ಫೆಲಿಸಿಯಾ ಬಲಾಂಜೆ ಗೆದ್ದರು. 2004ರ ಅಥೆನ್ಸ್‌ನಲ್ಲಿ ಆಸ್ಟ್ರೇಲಿಯಾದ ಆನಾ ಮಿಯರ್ಸ್ 33.952 ಸೆಕೆಂಡುಗಳ ವಿಶ್ವದಾಖಲೆ ಬರೆದರು. ಪ್ರತ್ಯೇಕ ಪದಕದ ಸ್ಪರ್ಧೆಯಾಗಿ ಅದರ ಒಲಿಂಪಿಕ್ ಆಯುಷ್ಯ ಅಲ್ಲಿಗೆ ಮುಗಿಯಿತು. 2008ರ ಬೀಜಿಂಗ್ ಕೂಟಕ್ಕೆ ಬಿಎಂಎಕ್ಸ್ ಸೈಕ್ಲಿಂಗ್ ಸೇರಿಸುವಾಗ ಟೈಮ್ ಟ್ರಯಲ್‌ಗಳನ್ನು ಕೈಬಿಡಲಾಯಿತು. ನಮ್ಮ ಕಥೆಯ ಗಂಟು ಇರುವುದು ಇಲ್ಲಿಯೇ.

ಡೆಬೋರಾ ಹುಟ್ಟಿದ್ದು 1995ರಲ್ಲಿ, ಅಂಡಮಾನ್-ನಿಕೋಬಾರ್ ದ್ವೀಪಗಳಲ್ಲಿ. 2004ರ ಡಿಸೆಂಬರ್ 26ರ ಸುನಾಮಿ ಅಪ್ಪಳಿಸಿದಾಗ ಅವರಿಗೆ ಒಂಬತ್ತು ವರ್ಷ. ಮರವೊಂದನ್ನು ಹತ್ತಿ, ದಿನಗಟ್ಟಲೆ ಅದರ ಮೇಲೆಯೇ ಉಳಿದು ಬದುಕಿದವರು. ಪತ್ರಿಕೆಗಳು ಅವರ ಬಗ್ಗೆ ಬರೆದಾಗಲೆಲ್ಲ ಈ ಮರದಿಂದಲೇ ಶುರು ಮಾಡಿವೆ, ಅದು ಸಹಜ. ಆದರೆ ಕ್ರೀಡಾ ಚರಿತ್ರೆ ಬರೆಯುವವರು ಇನ್ನೊಂದು ಸಂಗತಿಗೆ ಹೆಚ್ಚು ತೂಕ ಕೊಡಬೇಕು: ಪೋರ್ಟ್ ಬ್ಲೇರ್‌ನಲ್ಲಿ ಸೈಕಲ್ ಟ್ರ್ಯಾಕ್ ಇತ್ತು. 2018ರ ಜೂನಿಯರ್ ವಿಶ್ವ ಚಾಂಪಿಯನ್‌ಷಿಪ್‌ನ ಕೈರಿನ್‌ನಲ್ಲಿ (ಮೋಟಾರ್ ಬೈಕಿನ ಹಿಂದೆ ಗುಂಪಾಗಿ ಓಡಿ ಕೊನೆಗೆ ನುಗ್ಗುವ ಸ್ಪರ್ಧೆ) ಬೆಳ್ಳಿ ಗೆದ್ದ ಈಸೋ ಆಲ್ಬೆನ್ ಕೂಡ ಅದೇ ದ್ವೀಪಗಳವರು. ಅಷ್ಟು ಚಿಕ್ಕ ಜನಸಂಖ್ಯೆಯಿಂದ ಇಂಥ ಇಬ್ಬರು ಎದ್ದು ಬಂದದ್ದನ್ನು ಆಕಸ್ಮಿಕ ಎಂದು ನಾನು ಒಪ್ಪಲಾರೆ.

ಮುಂದೆ ಡೆಬೋರಾ ದೆಹಲಿಗೆ ಬಂದರು. 2010ರ ಕಾಮನ್‌ವೆಲ್ತ್ ಕೂಟಕ್ಕೆಂದು ಇಂದಿರಾ ಗಾಂಧಿ ಕ್ರೀಡಾ ಸಂಕೀರ್ಣದಲ್ಲಿ ಕಟ್ಟಿದ್ದ, ಮಾಡಿನಡಿಯ 250 ಮೀಟರ್ ಮರದ ಟ್ರ್ಯಾಕ್ ಅವರ ಶಾಲೆಯಾಯಿತು. 2014ರ ಟ್ರ್ಯಾಕ್ ಏಷ್ಯಾ ಕಪ್‌ನಲ್ಲಿ ಐನೂರು ಮೀಟರ್ ಟೈಮ್ ಟ್ರಯಲ್ ಚಿನ್ನ, 2015ರ ತೈವಾನ್ ಕಪ್‌ನಲ್ಲಿ ಐದು ಪದಕ. ಅದೇ ವರ್ಷದ ಕೊನೆಗೆ ಐನೂರು ಮೀಟರಿನ ವಿಶ್ವ ರ‍್ಯಾಂಕಿಂಗ್‌ನಲ್ಲಿ ನಾಲ್ಕನೆಯ ಸ್ಥಾನ. ಯಾವ ಭಾರತೀಯ ಸೈಕ್ಲಿಸ್ಟೂ ಅಲ್ಲಿಯವರೆಗೆ ಅಷ್ಟು ಎತ್ತರ ಏರಿರಲಿಲ್ಲ. 2016ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ಗೆ ಅರ್ಹತೆ ಪಡೆದ ಭಾರತದ ಮೊದಲ ಮಹಿಳೆಯೂ ಅವರೇ. ಆಗ ಅವರ ವಯಸ್ಸು ಇಪ್ಪತ್ತೊಂದು.

ಅದೇ ವರ್ಷ ರಿಯೊ ಒಲಿಂಪಿಕ್ಸ್. ಜಗತ್ತಿನ ನಾಲ್ಕನೆಯ ಸ್ಥಾನದಲ್ಲಿದ್ದವರಿಗೆ ಅವರ ಅತ್ಯುತ್ತಮ ಸ್ಪರ್ಧೆಯೇ ಅಲ್ಲಿರಲಿಲ್ಲ. ಸ್ಪ್ರಿಂಟ್, ಕೈರಿನ್, ತಂಡ ಸ್ಪ್ರಿಂಟ್ ಇದ್ದವು. ಸ್ಪ್ರಿಂಟ್ ಮತ್ತು ಕೈರಿನ್‌ನಲ್ಲಿ ಎದುರಾಳಿಯ ಹೆಗಲಿಗೆ ಹೆಗಲು ತಾಗಿಸಿ, ಅವಳ ಮನಸ್ಸು ಓದಿ ನುಗ್ಗಬೇಕು. ಗಡಿಯಾರದ ವಿರುದ್ಧ ಒಂಟಿಯಾಗಿ ಓಡುವ ವಿದ್ಯೆ ಅಲ್ಲಿ ಸಾಲದು. ಬರ್ಟನ್‌ಗೆ ಬಾಗಿಲು ತೆರೆಯುವ ಮೊದಲೇ ಹೊತ್ತು ಮೀರಿತ್ತು. ಡೆಬೋರಾ ಬರುವ ಹೊತ್ತಿಗೆ ತೆರೆದಿದ್ದ ಬಾಗಿಲು ಮುಚ್ಚಿತ್ತು. ಅರ್ಧ ಶತಮಾನದ ಅಂತರದಲ್ಲಿ ಇಬ್ಬರಿಗೂ ಆದ ನಷ್ಟ ಒಂದೇ ಜಾತಿಯದು.

ದೂರದ ಅಳತೆಯಲ್ಲಿನ ಅನ್ಯಾಯವನ್ನು ಸೈಕ್ಲಿಂಗ್‌ನ ಅಂತರರಾಷ್ಟ್ರೀಯ ಒಕ್ಕೂಟ ಈಗ ತಿದ್ದಿಕೊಂಡಿದೆ. 2025ರಿಂದ ಮಹಿಳೆಯರ ಟೈಮ್ ಟ್ರಯಲ್ ಕೂಡ ಒಂದು ಕಿಲೋಮೀಟರ್. ವೈಯಕ್ತಿಕ ಪರ್ಸ್ಯೂಟ್ ಮೂರರಿಂದ ನಾಲ್ಕು ಕಿಲೋಮೀಟರಿಗೆ ಏರಿದೆ. ಆದರೆ ಹೆಣ್ಣುಮಕ್ಕಳ ದಾರಿಯ ತೊಡಕು ನಿಯಮ ಪುಸ್ತಕದಲ್ಲಿ ಮಾತ್ರ ಇರುವುದಲ್ಲ. 2022ರಲ್ಲಿ ಸ್ಲೊವೇನಿಯಾದ ತರಬೇತಿ ಶಿಬಿರದಿಂದ ಭಾರತದ ಮಹಿಳಾ ಸೈಕ್ಲಿಸ್ಟ್ ಒಬ್ಬರು ಮುಖ್ಯ ಕೋಚ್ ವಿರುದ್ಧ ಅನುಚಿತ ವರ್ತನೆಯ ದೂರು ಕೊಟ್ಟರು. ಭಾರತೀಯ ಕ್ರೀಡಾ ಪ್ರಾಧಿಕಾರ ಆ ಕೋಚ್‌ನ ಒಪ್ಪಂದ ರದ್ದು ಮಾಡಿ ತಂಡವನ್ನು ವಾಪಸ್ ಕರೆಸಿತು. ಮಗಳನ್ನು ಕ್ರೀಡಾ ವಸತಿ ನಿಲಯಕ್ಕೆ ಕಳಿಸಬೇಕೋ ಬೇಡವೋ ಎಂದು ತಾಯಿ ತಂದೆ ಯೋಚಿಸುವಾಗ ಇಂಥ ಸುದ್ದಿಯ ಭಾರ ಎಷ್ಟಿರುತ್ತದೆ ಎಂಬುದನ್ನು ನಾವು ಮರೆಯಬಾರದು.

ಇನ್ನು ನಮ್ಮ ರಾಜ್ಯದ ಕಡೆ ನೋಡಿದರೆ, ಕರ್ನಾಟಕದಲ್ಲಿ ಸೈಕ್ಲಿಂಗ್‌ನ ತವರು ವಿಜಯಪುರ ಮತ್ತು ಬಾಗಲಕೋಟೆ. ಜಾತ್ರೆಯ ಸೈಕಲ್ ಶರ್ಯತ್ತು, ಹೆದ್ದಾರಿಯ ನಸುಕಿನ ಅಭ್ಯಾಸ, ಕ್ರೀಡಾ ವಸತಿ ನಿಲಯ: ಈ ಮೂರರ ಕೂಡಿಕೆಯಲ್ಲಿ ಅಲ್ಲಿನ ಸೈಕ್ಲಿಸ್ಟರು ಬೆಳೆದರು. ಮೇಘಾ ಗೂಗಾಡ, ದಾನಮ್ಮ ಚಿಚಖಂಡಿ ಅವರಂಥ ಹೆಣ್ಣುಮಕ್ಕಳು ಈ ಸೀಮೆಯಿಂದಲೇ ರಾಷ್ಟ್ರೀಯ ಪದಕಗಳವರೆಗೆ ತುಳಿದರು. ಆ ಸೀಮೆಗೂ ನಮ್ಮ ರಾಯಚೂರಿಗೂ ನಡುವೆ ಬಹಳ ಅಂತರವಿಲ್ಲ. ಅದೇ ಕೃಷ್ಣೆಯ ನೀರು, ಅದೇ ಎರೆ ಮಣ್ಣು, ಅದೇ ಬಿಸಿಲು.

ನಮ್ಮಲ್ಲೂ ಒಂದು ಆರಂಭ ಆಗಿತ್ತು. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡತೊಡಗಿದಾಗ ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಲ್ಲೂ ಹುಡುಗಿಯರು ಗುಂಪುಗುಂಪಾಗಿ ಪೆಡಲ್ ತುಳಿದು ಹೈಸ್ಕೂಲಿಗೆ ಹೋದರು. ಕೊರೊನಾ ಕಾಲದಲ್ಲಿ ಆ ಯೋಜನೆ ನಿಂತಿತು. ಶಾಲೆಯ ಸೈಕಲ್ಲಿನಿಂದ ಯಾರೂ ನೇರವಾಗಿ ಚಾಂಪಿಯನ್ ಆಗುವುದಿಲ್ಲ, ನಿಜ. ಆದರೆ ಆಯ್ಕೆಗೆ ಬರುವ ಕೋಚ್ ಹುಡುಕುವುದು ಸೈಕಲ್ ಮೇಲೆ ಕುಳಿತ ಹುಡುಗಿಯನ್ನೇ.

ಆ ಹುಡುಗಿಗೆ ಸೈಕಲ್ ಜೊತೆಗೆ ಟ್ರ್ಯಾಕೂ ಬೇಕು. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಟ್ರ್ಯಾಕ್ 133ರಿಂದ 500 ಮೀಟರ್‌ವರೆಗೆ ಎಷ್ಟು ಉದ್ದವಾದರೂ ಇರಬಹುದು. ಕಾಂಕ್ರೀಟಿನದಾಗಬಹುದು, ಬಯಲಿನಲ್ಲೂ ಇರಬಹುದು. ಹೀಗಾಗಿ ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿಗೆ ನನ್ನ ಕೋರಿಕೆ ಇಷ್ಟು: ರಾಯಚೂರು ಜಿಲ್ಲೆಯಲ್ಲಿ ಒಂದು ಕಾಂಕ್ರೀಟ್ ಸೈಕಲ್ ಟ್ರ್ಯಾಕ್ ಕಟ್ಟಿ, ಅದರ ಪಕ್ಕದಲ್ಲೇ ಹುಡುಗಿಯರಿಗೆ ವಸತಿ ನಿಲಯ ಕೊಟ್ಟು, ಅಲ್ಲಿಗೆ ಮಹಿಳಾ ಕೋಚ್ ಅವರನ್ನೇ ನೇಮಿಸಿ.