ದೊಡ್ಡಬೆಟ್ಟಕ್ಕೆ ಹೆಸರಿಟ್ಟವರು

ಕಳೆದ ಮೇ ತಿಂಗಳಲ್ಲಿ ಚೆನ್ನೈನ ಬೇಗೆ ತಾಳಲಾರದೆ ಮೂರು ದಿನ ರಜೆ ಹಾಕಿ ಊಟಿಗೆ ಹೋಗಿದ್ದೆವು. ದೊಡ್ಡಬೆಟ್ಟದ ತುದಿಯಲ್ಲಿ ತಮಿಳು ಫಲಕದ ಮುಂದೆ ನಿಂತ ಮಗಳು ಅಕ್ಷರ ಕೂಡಿಸಿ ‘ತೊಟ್ಟಬೆಟ್ಟಾ’ ಎಂದು ಓದಿದಳು. ಅವಳು ಹುಟ್ಟಿ ಬೆಳೆದದ್ದು ಚೆನ್ನೈನಲ್ಲೇ. ಶಾಲೆಯಲ್ಲಿ ತಮಿಳು, ಮನೆಯಲ್ಲಿ ಕನ್ನಡ. ತಮಿಳು ಲಿಪಿಯಲ್ಲಿ ‘ತ’ಕ್ಕೂ ‘ದ’ಕ್ಕೂ ಒಂದೇ ಅಕ್ಷರ, ‘ಟ’ಕ್ಕೂ ‘ಡ’ಕ್ಕೂ ಒಂದೇ ಅಕ್ಷರ.

“ಅಪ್ಪಾ, ತೊಟ್ಟಬೆಟ್ಟಾ ಅಂದ್ರೆ ಏನು?”

“ದೊಡ್ಡ ಬೆಟ್ಟ ಕಣೇ.”

ಒಂದು ಕ್ಷಣ ಯೋಚಿಸಿ, “ಇದು ನಮ್ಮ ಭಾಷೆ! ಇಲ್ಲಿ ಯಾರು ಇಟ್ರು ಈ ಹೆಸರು?” ಎಂದಳು.

ನನ್ನ ಬಳಿ ಉತ್ತರ ಇರಲಿಲ್ಲ. ಇದ್ದದ್ದು ಒಂದು ಎಕ್ಸೆಲ್ ಹಾಳೆ. ಇಪ್ಪತ್ತು ವರ್ಷ ಪ್ರಾಜೆಕ್ಟ್ ನಡೆಸಿದವನ ಚಟ: ಒಂಬತ್ತಕ್ಕೆ ಬೊಟಾನಿಕಲ್ ಗಾರ್ಡನ್, ಹನ್ನೊಂದಕ್ಕೆ ದೊಡ್ಡಬೆಟ್ಟ, ಎರಡಕ್ಕೆ ಕೆರೆಯಲ್ಲಿ ಬೋಟು, ನಾಲ್ಕಕ್ಕೆ ರೋಸ್ ಗಾರ್ಡನ್. ಊರಿಗೆ ಮರಳಿದ ಮೇಲೆ ಆ ಹಾಳೆಯ ಪ್ರತಿ ಸಾಲಿನ ಮುಂದೆ ಅದು ಹುಟ್ಟಿದ ಇಸವಿ ಬರೆಯುತ್ತಾ ಹೋದೆ. ಪಟ್ಟಿಯಲ್ಲಿದ್ದ ಯಾವ ‘ಪ್ರೇಕ್ಷಣೀಯ ಸ್ಥಳ’ಕ್ಕೂ ಇನ್ನೂರೈದು ವರ್ಷಕ್ಕಿಂತ ಹೆಚ್ಚು ವಯಸ್ಸಾಗಿರಲಿಲ್ಲ, 2,637 ಮೀಟರ್ ಎತ್ತರದ ಆ ಶಿಖರವೊಂದನ್ನು ಬಿಟ್ಟು. ನಾವು ಪ್ರಕೃತಿ ನೋಡಲು ಹೋಗಿ ನೋಡಿ ಬಂದದ್ದು ಬಹುಮಟ್ಟಿಗೆ ಮನುಷ್ಯರು ಕಟ್ಟಿದ್ದನ್ನು. ಹಾಗಾದರೆ ಅದಕ್ಕೂ ಮೊದಲು ಅಲ್ಲಿ ಏನಿತ್ತು, ಯಾರಿದ್ದರು?

ಉತ್ತರದ ಮೊದಲ ತುದಿ ಸಿಕ್ಕಿದ್ದು ನಮ್ಮ ಕಾರಿನ ಡ್ರೈವರ್‌ನಿಂದ. ನಮ್ಮೊಂದಿಗೆ ತಮಿಳಿನಲ್ಲಿ ಮಾತಾಡುತ್ತಿದ್ದ ಆತ ಬೆಟ್ಟ ಇಳಿಯುವಾಗ ಮನೆಗೆ ಫೋನ್ ಮಾಡಿದ. ಮನೆ, ಹಾಲು, ಹಟ್ಟಿ ಎಂಬ ಪದಗಳು ಕಿವಿಗೆ ಬಿದ್ದವು. ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ನಾನು ಹಿಗ್ಗಿನಿಂದ, “ನೀವು ಕನ್ನಡದವರಾ?” ಎಂದು ಕೇಳಿದೆ. “ಇಲ್ಲ ಸಾರ್, ನಾವು ಬಡಗರು. ಅದು ಬಡಗ ಮಾತು” ಎಂದ. ದನಿಯಲ್ಲಿ ಬೇಸರವಿರಲಿಲ್ಲ. ಆದರೆ ಈ ಪ್ರಶ್ನೆಗೆ ಹಲವು ಸಲ ಉತ್ತರ ಹೇಳಿದವನ ಖಚಿತತೆ ಇತ್ತು.

ಬಡಗ ಎಂದರೆ ಹಳಗನ್ನಡದಲ್ಲೂ ಉತ್ತರ ದಿಕ್ಕು. ಬಡಗರು ಎಂದರೆ ಉತ್ತರದಿಂದ ಬಂದವರು. ವಿಜಯನಗರ ಬಿದ್ದ ಬಳಿಕದ ಅನಿಶ್ಚಿತ ಕಾಲದಲ್ಲಿ ಮೈಸೂರು ಸೀಮೆಯಿಂದ ಹಿರಿಯರು ಬೆಟ್ಟ ಹತ್ತಿದರೆಂಬುದು ಅವರ ನೆನಪು. 1603ರಲ್ಲಿ ಕಲ್ಲಿಕೋಟೆ ಕಡೆಯಿಂದ ಬಂದ ಫಿನಿಸಿಯೊ ಎಂಬ ಜೆಸ್ಯುಟ್ ಪಾದ್ರಿ ಇಲ್ಲಿ ತೋಡರ ಜೊತೆ ಬಡಗರನ್ನೂ ಕಂಡಿದ್ದ. ಅಂದರೆ ಆ ಹೊತ್ತಿಗಾಗಲೇ ಅವರು ಇಲ್ಲಿ ನೆಲೆ ನಿಂತಿದ್ದರು. ಅವರ ಊರುಗಳು ಹಟ್ಟಿಗಳು, ಸೀಮೆಗಳು ನಾಡುಗಳು: ತೊದನಾಡು, ಮೇಕುನಾಡು, ಕುಂದೆನಾಡು. ಮೈಸೂರಿನಿಂದ ಮಸಿನಗುಡಿ ದಾಟಿ ಹತ್ತುವಾಗ ಮೂವತ್ತಾರು ತಿರುವುಗಳ ದಾರಿಯಲ್ಲಿ ಸಿಗುವ ಕಲ್ಹಟ್ಟಿ, ಕುನ್ನೂರಿನ ಬಳಿಯ ಹುಲಿಕಲ್ ದುರ್ಗ ಇವುಗಳ ಅರ್ಥವನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ದೊಡ್ಡಬೆಟ್ಟ ಈ ಮಾತಿನ ಹೆಸರು.

ಹೊರನಾಡಿನಲ್ಲಿರುವ ನಮ್ಮಂಥವರಿಗೆ ಇಂಥ ಕಡೆ ‘ಇದೂ ನಮ್ಮದೇ’ ಅನ್ನುವ ಆಸೆ ಬೇಗ ಹುಟ್ಟುತ್ತದೆ. ಬಡಗ ಕನ್ನಡದ ಉಪಭಾಷೆಯೋ ಸ್ವತಂತ್ರ ಭಾಷೆಯೋ ಎಂಬ ಚರ್ಚೆ ಪಂಡಿತರಲ್ಲಿದೆ. ಆಡುವವರು ಅದನ್ನು ತಮ್ಮ ಭಾಷೆ ಎನ್ನುತ್ತಾರೆ. ನಾಲ್ಕು ಶತಮಾನ ಬೆಟ್ಟದ ಮೇಲೆ ಬಾಳಿ, ಹೆತ್ತೆ ಹಬ್ಬದಂಥ ತಮ್ಮದೇ ಹಬ್ಬ, ತಮ್ಮದೇ ಹಾಡು ಕಟ್ಟಿಕೊಂಡವರನ್ನು ಉಪಭಾಷೆಯ ಲೆಕ್ಕಕ್ಕೆ ಸೇರಿಸುವ ಅಧಿಕಾರ ನನಗಿಲ್ಲ ಎಂದು ಆ ಡ್ರೈವರ್‌ನ ಉತ್ತರ ಕೇಳಿದ ಮೇಲೆ ಅನ್ನಿಸಿತು.

ಅಲ್ಲದೆ ಈ ಬೆಟ್ಟದೊಂದಿಗೆ ಕನ್ನಡದ ನಂಟು ಬರೀ ಹೆಸರಿನ ನಂಟಲ್ಲ. ಚಾಮರಾಜನಗರದ ಜೈನ ಬಸದಿಯಲ್ಲಿ 1117ರ ಶಾಸನವೊಂದಿದೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನ ಪರಾಕ್ರಮವನ್ನು ಅದು ಸಾರುತ್ತದೆ. ಆ ಪರಾಕ್ರಮಗಳಲ್ಲಿ ಒಂದು ತೊದವರನ್ನು ಹೆದರಿಸಿದ್ದು, ಇನ್ನೊಂದು ನೀಲಾದ್ರಿಯನ್ನು ಗೆದ್ದದ್ದು. ತೊದವರು ಎಂದರೆ ತೋಡರು. ಅವರ ಬಗ್ಗೆ ಸಿಗುವ ಅತಿ ಹಳೆಯ ಬರಹ ಇದೆಂದು ಹೇಳಲಾಗುತ್ತದೆ. ಎಮ್ಮೆ ಸಾಕಿಕೊಂಡಿದ್ದ ಸಣ್ಣ ಸಮುದಾಯವೊಂದು ಚರಿತ್ರೆಯ ಪುಟಕ್ಕೆ ಬಂದದ್ದೇ ಹೀಗೆ, ನಮ್ಮ ದೊರೆಯ ದಂಡಿಗೆ ಹೆದರಿದವರಾಗಿ. ಬೆಟ್ಟದ ಕೆಳಗೆ ಭವಾನಿ ಮತ್ತು ಮಾಯಾರ್ ನದಿಗಳು ಕೂಡುವಲ್ಲಿ ಹೊಯ್ಸಳ ದಂಡನಾಯಕರ ಹೆಸರು ಹೊತ್ತ ದಣ್ಣಾಯಕನ ಕೋಟೆ ಇತ್ತು. 1955ರಲ್ಲಿ ಮುಗಿದ ಭವಾನಿಸಾಗರ ಅಣೆಕಟ್ಟಿನ ನೀರಿನಡಿ ಅದೀಗ ಮುಳುಗಿದೆ. ಬೆಟ್ಟ ಹತ್ತಿ ಬಂದು ‘ಗೆದ್ದೆ’ ಅಂದವರಲ್ಲಿ ಇಂಗ್ಲಿಷರು ಮೊದಲಿಗರಲ್ಲ.

ಇಂಗ್ಲಿಷರು ಬರುವ ಹೊತ್ತಿಗೆ ಬೆಟ್ಟದ ಮೇಲೊಂದು ಕೊಡುಕೊಳ್ಳುವ ವ್ಯವಸ್ಥೆ ನೆಲೆಗೊಂಡಿತ್ತು. ತೋಡರು ಹಾಲು ತುಪ್ಪ ಕೊಡುತ್ತಿದ್ದರು. ಬಡಗರು ಧಾನ್ಯ ಬೆಳೆಯುತ್ತಿದ್ದರು. ಏಳು ಊರುಗಳಲ್ಲಿದ್ದ ಕೋತರು ಕಬ್ಬಿಣದ ಕೆಲಸ, ಮಡಕೆ, ಮರಗೆಲಸ ಮಾಡಿ, ಸಾವು ಹಬ್ಬಗಳಿಗೆ ವಾದ್ಯ ನುಡಿಸುತ್ತಿದ್ದರು. ಕೋತಗಿರಿ ಅವರ ಹೆಸರಿನ ಊರು. ಕುರುಂಬರು ಕಾಡಿನ ಜೇನು ತರುತ್ತಿದ್ದರು. ಮನೆಮನೆಗಳ ನಡುವೆ ತಲೆಮಾರುಗಳಿಂದ ಬಂದ ಈ ಬಾಂಧವ್ಯ 20ನೇ ಶತಮಾನದ ಮೊದಲ ದಶಕಗಳವರೆಗೂ ಉಳಿದಿತ್ತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪುವಿನ ಸೀಮೆಯ ಜೊತೆ ನೀಲಗಿರಿಯೂ ಕಂಪನಿಯ ಪಾಲಾಯಿತು. ಮುಂದಿನ ಹದಿಮೂರು ವರ್ಷ ಕಾಗದದ ಮೇಲಷ್ಟೇ ಅದು ಅವರದು. 1812ರಲ್ಲಿ ಕೀಸ್ ಎಂಬ ಸರ್ವೇಯರ್ ಹತ್ತಿದ. 1819ರ ಜನವರಿಯಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ ಹತ್ತಿದ. ಊಟಿಯ ಕಥೆ ಅಲ್ಲಿಂದ ಓಡತೊಡಗುತ್ತದೆ. 1822ರಲ್ಲಿ ಅವನು ‘ಸ್ಟೋನ್ ಹೌಸ್’ ಕಟ್ಟಲು ಶುರುಮಾಡಿದ. ಊಟಿಯ ಮೊದಲ ಯುರೋಪಿಯನ್ ಮನೆಯಾದ ಅದು ಈಗ ಸರ್ಕಾರಿ ಕಲಾ ಕಾಲೇಜಿನ ಆವರಣದಲ್ಲಿದೆ. ಆ ಜಾಗದಲ್ಲಿ ತೋಡರ ಮಂದ್ ಇತ್ತು. ಮಂದ್ ಎಂದರೆ ಅವರ ಪುಟ್ಟ ಊರು. ಕೊಡವರು ಊರಿನ ಬಯಲಿಗೆ ಹೇಳುವ ಮಂದ್, ನಾವು ಕುರಿಗಳ ಗುಂಪಿಗೆ ಹೇಳುವ ಮಂದೆ, ಇವೆಲ್ಲ ಒಂದೇ ಬೇರಿನ ಮಾತುಗಳು. ಉದಕಮಂಡಲ ಎಂಬ ಹೆಸರಿನೊಳಗೂ ಆ ಮಂದ್ ಕೂತಿದೆ. ಎಕರೆಗೆ ಒಂದು ರೂಪಾಯಿಯಂತೆ ತೋಡರಿಂದ ನೆಲ ಕೊಂಡನೆಂದು ಸಲ್ಲಿವನ್‌ನ ಕಥೆ ಹೇಳುವವರೆಲ್ಲ ಹೇಳುತ್ತಾರೆ. ಹುಲ್ಲುಗಾವಲನ್ನು ಎಂದೂ ಎಕರೆಯಲ್ಲಿ ಅಳೆಯದವರಿಗೆ ಆ ವ್ಯಾಪಾರ ಹೇಗೆ ಕಂಡಿರಬಹುದು!

ಸಲ್ಲಿವನ್ ಸಿಕ್ಕಿದ್ದನ್ನೆಲ್ಲ ಬಾಚಿದ ಅಧಿಕಾರಿಯಲ್ಲ ಎಂಬುದನ್ನೂ ಹೇಳಬೇಕು. ಬೆಟ್ಟದ ನೆಲದ ಮೇಲೆ ತೋಡರಿಗೆ ಒಡೆತನದ ಹಕ್ಕಿದೆ ಎಂದು ಅವನು ಮದ್ರಾಸ್ ಸರ್ಕಾರದೊಡನೆ ವಾದಿಸಿದ. ಗವರ್ನರ್ ಲಷಿಂಗ್ಟನ್‌ಗೆ ಬೇಕಾಗಿದ್ದದ್ದು ಕಾಯಿಲೆ ಬಿದ್ದ ಸೈನಿಕರಿಗೊಂದು ಆರೋಗ್ಯಧಾಮ. ಗೆದ್ದದ್ದು ಗವರ್ನರ್. ಆದರೆ ಆ ಹಕ್ಕನ್ನು ಎತ್ತಿಹಿಡಿದವನೇ ಮಂದ್ ಇದ್ದಲ್ಲಿ ಮನೆ ಕಟ್ಟಿದ್ದನಲ್ಲ. ಒಬ್ಬನೇ ಮನುಷ್ಯನಲ್ಲಿ ಈ ಎರಡನ್ನೂ ಕಂಡಾಗ, ಬೆಂಗಳೂರಿನ ಕೆರೆಗಳ ಬಗ್ಗೆ ಮರುಗುತ್ತಲೇ ಕೆರೆಯಂಗಳದ ಅಪಾರ್ಟ್‌ಮೆಂಟಿಗೆ ಕಂತು ಕಟ್ಟುವ ನಮ್ಮ ನೆನಪಾಯಿತು.

ನಾವು ಬೋಟಿನಲ್ಲಿ ತಿರುಗಿದ ಕೆರೆ ಕೂಡ ಸಲ್ಲಿವನ್‌ನದೇ. 1823ರಿಂದ 1825ರ ನಡುವೆ ಬೆಟ್ಟದ ಹಳ್ಳಗಳಿಗೆ ಒಡ್ಡು ಹಾಕಿ ಕಟ್ಟಿಸಿದ್ದು. ಆಗ ಅದು ಈಗಿನದಕ್ಕಿಂತ ಬಹಳ ದೊಡ್ಡದಿತ್ತು. ಇಂದು ನಾವು ಇಳಿಯುವ ಬಸ್ ನಿಲ್ದಾಣ, ಪಕ್ಕದ ಕುದುರೆ ರೇಸಿನ ಮೈದಾನ ಎರಡೂ ಕೆರೆಯಿಂದ ಕಿತ್ತುಕೊಂಡ ನೆಲದ ಮೇಲಿವೆ.

ಊಟಿಯಲ್ಲಿ ಕನ್ನಡಿಗರು ತಪ್ಪದೆ ನೋಡಬೇಕಾದ ಜಾಗವೆಂದರೆ ಸೇಂಟ್ ಸ್ಟೀಫನ್ಸ್ ಚರ್ಚು. ಎಕ್ಸೆಲ್ ಹಾಳೆಯಲ್ಲಿ ಅದಿರಲಿಲ್ಲ, ಮಳೆ ಬಂದದ್ದರಿಂದ ಒಳಹೊಕ್ಕೆವು. 1829ರಲ್ಲಿ ಅದಕ್ಕೆ ಅಡಿಗಲ್ಲು ಬಿತ್ತು. ಛಾವಣಿ ಹೊತ್ತ ತೇಗದ ತೊಲೆಗಳು ಶ್ರೀರಂಗಪಟ್ಟಣದ್ದು, ಟಿಪ್ಪುವಿನ ಲಾಲ್ ಮಹಲ್ ಕೆಡವಿ ತಂದದ್ದು. ರಂಗನಾಥನ ಗುಡಿಯ ಹತ್ತಿರ ಆ ಅರಮನೆಯ ತಳಪಾಯದ ಅವಶೇಷ ಮಾತ್ರ ಉಳಿದಿದೆ. ನಾನು ಓದುವ ದಿನಗಳಲ್ಲಿ ಎಷ್ಟೋ ಸಲ ಅದರ ಪಕ್ಕವೇ ಹಾದುಹೋಗಿದ್ದೇನೆ. ಅಲ್ಲಿ ಇಲ್ಲವಾದ ಮನೆಯ ಮರ ಇಲ್ಲಿ ಪ್ರಾರ್ಥನಾ ಮಂದಿರದ ಮಾಡು ಹಿಡಿದು ನಿಂತಿರುವುದನ್ನು ಕತ್ತೆತ್ತಿ ನೋಡಿದೆ. ಹಿಂದಿನ ಸ್ಮಶಾನದಲ್ಲಿ ಸಲ್ಲಿವನ್‌ನ ಹೆಂಡತಿ ಮತ್ತು ಮಗಳ ಸಮಾಧಿಗಳಿವೆ. ಗೆದ್ದವರೂ ಈ ಬೆಟ್ಟಕ್ಕೆ ಏನನ್ನೋ ಕೊಟ್ಟು ಹೋದರು.

ಬೊಟಾನಿಕಲ್ ಗಾರ್ಡನ್ ಹುಟ್ಟಿದ್ದು ತರಕಾರಿಯ ತಾಪತ್ರಯದಿಂದ. ಊಟಿಯ ಯುರೋಪಿಯನ್ನರು ಚಂದಾ ಹಾಕಿ, ಕಡಿಮೆ ಬೆಲೆಗೆ ತರಕಾರಿ ಸಿಗಲೆಂದು ತೋಟ ಮಾಡಿಕೊಂಡಿದ್ದರು. 1848ರಲ್ಲಿ ಇಂಗ್ಲೆಂಡಿನ ಕ್ಯೂ ಉದ್ಯಾನದಿಂದ ಬಂದ ಮ್ಯಾಕ್‌ಐವರ್ ಅದನ್ನು ಸಸ್ಯೋದ್ಯಾನ ಮಾಡಿದ. ಆ ತೋಟದ ಮೇಲಿನ ಏರಿನಲ್ಲಿ ಇಂದಿಗೂ ಒಂದು ತೋಡ ಮಂದ್ ಇದೆ. ಕೆಳಗೆ ಹೂವಿನ ಮುಂದೆ ಫೋಟೋಗೆ ನಿಂತವರಲ್ಲಿ ಮೇಲೆ ಹತ್ತಿದವರು ಕೆಲವರೇ. ಹತ್ತಿದವರೂ ಕಮಾನಿನಾಕಾರದ ಗುಡಿಸಲ ಮುಂದೆ ಫೋಟೋ ತೆಗೆದು ಇಳಿದರು. ನಾನೂ ಅವರಲ್ಲೊಬ್ಬ.

ಇನ್ನು ಮರಗಳ ವಿಷಯ. ಊಟಿಯಲ್ಲಿ ಕೊಳ್ಳಲೇಬೇಕಾದದ್ದು ನೀಲಗಿರಿ ಎಣ್ಣೆ. ಆಸ್ಟ್ರೇಲಿಯಾದ ಯೂಕಲಿಪ್ಟಸ್ಸನ್ನು ಕನ್ನಡದಲ್ಲಿ ನಾವು ನೀಲಗಿರಿ ಮರ ಎನ್ನುತ್ತೇವೆ. ಆದರೆ ಆ ಮರ ನೀಲಗಿರಿಗೆ ಬಂದದ್ದು 1843ರ ಸುಮಾರಿಗೆ. ಸೌದೆಗಾಗಿ ಶೋಲಾ ಕಾಡು ಕಡಿದು ಬರಿದಾದ ಮೇಲೆ, ಬೇಗ ಬೆಳೆಯುವ ಮರ ಬೇಕಾಯಿತು. ಯೂಕಲಿಪ್ಟಸ್, ವ್ಯಾಟಲ್, ಪೈನ್ ಗುಡ್ಡಗಳನ್ನು ತುಂಬಿದವು. ಮೊದಲಿನ ನೀಲಗಿರಿ ಬೇರೆಯೇ ಇತ್ತು: ಗುಡ್ಡದ ಬೆನ್ನ ಮೇಲೆಲ್ಲ ಹುಲ್ಲು, ಕಣಿವೆಯ ಮಡಿಕೆಗಳಲ್ಲಿ ಗಿಡ್ಡ ಮರಗಳ ದಟ್ಟ ಶೋಲಾ. ಮಳೆ ಮಂಜುಗಳ ನೀರನ್ನು ಹುಲ್ಲು ಮತ್ತು ಶೋಲಾ ಎರಡೂ ಸೇರಿ ಹೀರಿಕೊಂಡು, ಬೇಸಿಗೆಯುದ್ದಕ್ಕೂ ತೊರೆಗಳಿಗೆ ಬಿಡುತ್ತಿದ್ದವು. ಆ ತೊರೆಗಳೇ ಭವಾನಿ, ಮಾಯಾರ್ ಆಗಿ ಕೊನೆಗೆ ಕಾವೇರಿಯನ್ನು ಸೇರುತ್ತವೆ. ಸಿನಿಮಾ ಹಾಡುಗಳಲ್ಲಿ ನಾಯಕ ನಾಯಕಿ ಓಡಿ ಬರುವ, ‘ಶೂಟಿಂಗ್ ಸ್ಪಾಟ್’ ಎಂದು ಟ್ಯಾಕ್ಸಿಯವರು ನಿಲ್ಲಿಸುವ ವೆನ್‌ಲಾಕ್ ಡೌನ್ಸ್ ಆ ಹುಲ್ಲುಗಾವಲಿನ ಒಂದು ಚೂರು. ತೋಡರ ಎಮ್ಮೆಗಳು ಮೇಯುತ್ತಿದ್ದ ನೆಲಕ್ಕೆ ಮದ್ರಾಸಿನ ಗವರ್ನರೊಬ್ಬನ ಹೆಸರು. ಬೆಟ್ಟದ ಹೆಸರು ಹೊರಗಿನಿಂದ ಬಂದ ಮರಕ್ಕೆ.

ಚಹಾ ತೋಟಗಳ ಸಾಲು ನೋಡಲು ಚಂದ. ಅಲ್ಲಿಯ ಕೈಗಳ ಕಥೆ ಅಷ್ಟು ಚಂದವಿಲ್ಲ. 19ನೇ ಶತಮಾನದಲ್ಲಿ ಕ್ವಿನೈನ್‌ಗಾಗಿ ಸಿಂಕೋನಾ ಬೆಳೆಸಿದ ನಡುವಟ್ಟಂನಲ್ಲಿ ಚೀನೀ ಕೈದಿಗಳಿಂದ ದುಡಿಸಿಕೊಂಡರು. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ಬಳಿಕ ಶ್ರೀಲಂಕಾದಿಂದ ಮರಳಿದ ತಮಿಳು ಕಾರ್ಮಿಕ ಕುಟುಂಬಗಳಿಗೆ ನೆಲೆ ಒದಗಿಸಲು ಸರ್ಕಾರವೇ ಇಲ್ಲಿ ಚಹಾ ತೋಟಗಳನ್ನು ತೆರೆಯಿತು. ಬಡಗ ರೈತರಲ್ಲಿ ಅನೇಕರು ಇಂದು ಸಣ್ಣ ಚಹಾ ಬೆಳೆಗಾರರು. ನಮ್ಮ ಡ್ರೈವರ್‌ನ ಅಪ್ಪನಿಗೂ ಒಂದು ಎಕರೆ ಚಹಾ ಇದೆಯಂತೆ. ಸೊಪ್ಪಿನ ಬೆಲೆ ಕೈಗೆ ಹತ್ತದ್ದರಿಂದಲೇ ತಾನು ಕಾರು ಹಿಡಿದದ್ದು ಎಂದ.

ಬೆಟ್ಟ ಹತ್ತುವುದು ಸುಲಭವಾದದ್ದು ರೈಲಿನಿಂದ. 1854ರಲ್ಲಿ ಹುಟ್ಟಿದ ಯೋಜನೆ ಕುನ್ನೂರು ಮುಟ್ಟಿದ್ದು 1899ರಲ್ಲಿ, ಊಟಿ ಮುಟ್ಟಿದ್ದು 1908ರಲ್ಲಿ. ನಮ್ಮ ಪ್ರಾಜೆಕ್ಟ್ ಎರಡು ತಿಂಗಳು ತಡವಾದರೆ ಆಗುವ ರಂಪ ನೆನೆದು ನಕ್ಕೆ. 46 ಕಿಲೋಮೀಟರಿನಲ್ಲಿ 208 ತಿರುವು, 250 ಸೇತುವೆ, 16 ಸುರಂಗ. ಹಳಿಗಳ ನಡುವಿನ ಹಲ್ಲಿನ ಪಟ್ಟಿಗೆ ಎಂಜಿನ್ನಿನ ಗಾಲಿ ಕಚ್ಚಿಕೊಂಡು ಹಿಂದಿನಿಂದ ನೂಕುತ್ತದೆ. 2005ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಈಗ ಹತ್ತುವವರ ಸಂಖ್ಯೆಯೇ ಸಮಸ್ಯೆ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಹೊರಗಿನ ವಾಹನಗಳಿಗೆ ಇ-ಪಾಸ್ ಬೇಕು. 2025ರ ಬೇಸಿಗೆಯಲ್ಲಿ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ವಾಹನಗಳ ಮಿತಿ ಹಾಕಿತು. ಪುಣಿಸ ದಂಡು ತಂದ, ಸಲ್ಲಿವನ್ ಸರಪಳಿ ಹಿಡಿದು ಅಳೆದ, ಮೈಸೂರು ಮಹಾರಾಜರು 1873ರಲ್ಲಿ ಫರ್ನ್‌ಹಿಲ್ ಬಂಗಲೆ ಕೊಂಡು ಬೇಸಿಗೆ ಅರಮನೆ ಮಾಡಿಕೊಂಡರು, ನಾವು ಎಕ್ಸೆಲ್ ಹಾಳೆ ಹಿಡಿದು ಬಂದೆವು. ಬೆಟ್ಟ ಹತ್ತಿದವರ ಸಾಲಿನಲ್ಲಿ ನಾವೂ ಇದ್ದೇವೆ ಎಂಬುದು ನೆನಪಿದ್ದರೆ ಸಾಕು, ನೋಡುವ ಕಣ್ಣು ಬದಲಾಗುತ್ತದೆ. ಕೆರೆ ಕಂಡಾಗ ಅದರಡಿಯ ಹಳ್ಳ ನೆನಪಾಗುತ್ತದೆ, ತೋಟ ಕಂಡಾಗ ಅದರ ಮೇಲಿನ ಮಂದ್.

ಕೆಲವು ವಾರ ಓದಿದ ಮೇಲೆ ಒಂದು ರಾತ್ರಿ ಊಟದ ಹೊತ್ತಿನಲ್ಲಿ ಮಗಳಿಗೆ ಉತ್ತರ ಕೊಟ್ಟೆ. “ದೊಡ್ಡಬೆಟ್ಟ ಅಂತ ಹೆಸರಿಟ್ಟೋರು ಬಡಗರು ಕಣೇ. ನಮ್ಮ ಮಾತಿಗೆ ಹತ್ತಿರದ ಮಾತು, ಆದ್ರೆ ಅವರದೇ ಮಾತು.”

ಅವಳು ತುತ್ತು ನುಂಗಿ ಕೇಳಿದಳು: “ಹಾಗಾದ್ರೆ ಅವರಿಗಿಂತ ಮೊದಲು ತೋಡರು ಅದನ್ನ ಏನಂತ ಕರೀತಿದ್ರು?”

ಅದನ್ನು ಆ ಮಂದ್‌ನವರನ್ನೇ ಕೇಳಬೇಕು. ಈ ಸಲ ಫೋಟೋ ತೆಗೆಯುವ ಮೊದಲು.