ಊರುಗಳ ಲೆಕ್ಕ: ಸಂತೇಬೆನ್ನೂರು ಸೀಮೆಯ ವಸತಿ ಮತ್ತು ಜನಸಂಖ್ಯೆ ಅಧ್ಯಯನ ಬೆಳೆದ ಬಗೆ

ಒಂದು ಸೀಮೆಯಲ್ಲಿ ಎಷ್ಟು ಊರುಗಳಿವೆ, ಅಲ್ಲಿ ಯಾರು ಬಾಳುತ್ತಿದ್ದಾರೆ? ಈ ಪ್ರಶ್ನೆಗೆ ಶಾಸನತಜ್ಞರು, ಕಂದಾಯ ಅಧಿಕಾರಿಗಳು, ಗಣತಿದಾರರು, ಸಮಾಜಶಾಸ್ತ್ರಜ್ಞರು ಸರದಿಯಂತೆ ಉತ್ತರ ಹುಡುಕಿದ್ದಾರೆ. ಸಂತೇಬೆನ್ನೂರಿನ ಸುತ್ತಲ, ಈಗ ದಾವಣಗೆರೆ ಜಿಲ್ಲೆಯಲ್ಲಿರುವ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಮಟ್ಟಿಗೆ ಹೇಳುವುದಾದರೆ, ಅಧ್ಯಯನ ಬೆಳೆದಂತೆಲ್ಲ ಲೆಕ್ಕಕ್ಕೆ ಸಿಕ್ಕ ಜನ ಹೆಚ್ಚಿದ್ದಾರೆ. ತಾಂಡಾ, ಹಟ್ಟಿಗಳ ಲೆಕ್ಕ ಮಾತ್ರ ಇನ್ನೂ ಬಾಕಿ ಇದೆ.

ಮೊದಲ ದಾಖಲೆ ಕಲ್ಲಿನದು. ಬಿ.ಎಲ್. ರೈಸ್ 1902ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ 7ನೇ ಸಂಪುಟದಲ್ಲಿ ಚನ್ನಗಿರಿ, ಹೊನ್ನಾಳಿಯ ಶಾಸನಗಳಿವೆ. ಜಗಳೂರಿನವು 11ನೇ ಸಂಪುಟದಲ್ಲಿವೆ. ಪ್ರತಿ ಶಾಸನಕ್ಕೂ ತಾಲ್ಲೂಕುವಾರು ಸಂಖ್ಯೆ, ಊರಿನ ಹೆಸರು, ಕಲ್ಲು ನಿಂತ ಜಾಗದ ಗುರುತು ಕೊಟ್ಟಿರುವುದರಿಂದ ಯಾವ ಊರು ಎಷ್ಟು ಹಳೆಯದು ಎಂದು ತಿಳಿಯಲು ಅದೇ ಮೊದಲ ಆಧಾರವಾಯಿತು. ಆದರೆ ಕಲ್ಲಿನಲ್ಲಿ ಉಳಿದವರು ದಾನಿಗಳು, ಒಡೆಯರು, ವೀರರು. ಸಂತೇಬೆನ್ನೂರಿನ ಪುಷ್ಕರಣಿ ಪಾಳೆಯಗಾರ ಕೆಂಗ ಹನುಮಪ್ಪನಾಯಕನ ಹೆಸರನ್ನು, ಎದುರಿನ ಮುಸಾಫಿರ್‌ಖಾನೆ ಬಿಜಾಪುರದ ಸೇನಾಪತಿ ರಣದುಲ್ಲಾಖಾನನ ಹೆಸರನ್ನು ಉಳಿಸಿವೆ. ನಾಯಕರ ಮನೆತನ ಮುಂದೆ ತರೀಕೆರೆಗೆ ಹೋದರೂ ಊರು ಉಳಿಯಿತು. ಉಳಿಸಿದ ಒಕ್ಕಲಿನ ಹೆಸರು ಎಲ್ಲೂ ಇಲ್ಲ.

ಸಾಮಾನ್ಯರನ್ನು ಎಣಿಸಿದ್ದು ಖಾನೇಷುಮಾರಿ, ಅಂದರೆ ಜನಗಣತಿ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ ಸುಮಾರು 50.5 ಲಕ್ಷವಿದ್ದದ್ದು 1881ಕ್ಕೆ ಸುಮಾರು 41.9 ಲಕ್ಷಕ್ಕೆ ಕುಸಿಯಿತು. ನಡುವೆ 1876–78ರ ಧಾತು–ಈಶ್ವರ ಬರ ಬಂದುಹೋಗಿತ್ತು. ಬರದ ಭೀಕರತೆಯನ್ನು ಅಂಕಿಯಲ್ಲಿ ತೋರಿಸಿದ್ದು ಈ ಎರಡು ಗಣತಿಗಳು. ಗಣತಿಯ ಮೂಲಘಟಕ ಕಂದಾಯ ಗ್ರಾಮ. ಹಾಗಾಗಿ ಜನರೇ ಇಲ್ಲದ ಬೇಚರಾಕ್ ಗ್ರಾಮವೂ ಸರ್ವೆ ನಂಬರುಗಳ ಸಮೇತ ಪಟ್ಟಿಯಲ್ಲಿ ಉಳಿಯುತ್ತದೆ. ನೂರಾರು ಜನರಿರುವ ತಾಂಡಾ ಪಕ್ಕದ ಗ್ರಾಮದ ಲೆಕ್ಕದಲ್ಲಿ ಕರಗಿಹೋಗುತ್ತದೆ. ಜೊತೆಗೆ ಗಡಿಗಳೂ ಬದಲಾಗಿವೆ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾಗುವವರೆಗೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾದದ್ದು ಈಚೆಗೆ. ಹಳೆಯ ಅಂಕಿಗಳನ್ನು ಹೋಲಿಸುವವರು ಊರೂರಿನ ಮಟ್ಟಕ್ಕೇ ಇಳಿಯಬೇಕು.

ಎಷ್ಟು ಜನ ಎಂಬುದರಿಂದ ಏಕೆ ಎಂಬುದಕ್ಕೆ ಅಧ್ಯಯನ ಹೊರಳಿದ್ದು ಸ್ವಾತಂತ್ರ್ಯಾನಂತರ. 1951–52ರಲ್ಲಿ ವಿಶ್ವಸಂಸ್ಥೆಯ ನೆರವಿನ ಮೈಸೂರು ಜನಸಂಖ್ಯಾ ಅಧ್ಯಯನ ಮನೆಮನೆಯ ಜನನ, ಮರಣಗಳನ್ನು ಕೇಳಿತು. 1950ರ ದಶಕದಲ್ಲಿ ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೀನ್ ಮಂಡ್ಯ ಬಳಿಯ ಎರಡು ಹಳ್ಳಿಗಳನ್ನು ಹೋಲಿಸಿದರು. ನಾಲೆ ನೀರು ಬಂದ ಊರು ಬೇಸಾಯಕ್ಕೆ, ಹಳೆಯ ಸಂಬಂಧಗಳಿಗೆ ಅಂಟಿಕೊಂಡಿತು; ನೀರು ಬಾರದ ಊರಿನವರು ಹೊರಗೆ ದುಡಿಮೆ ಹುಡುಕಿ ಹೆಚ್ಚು ಬದಲಾದರು. 1988ರ ಪುಸ್ತಕದಲ್ಲಿ ಕಾಲ್ಡ್‌ವೆಲ್ ದಂಪತಿ ಮತ್ತು ಪಿ.ಎಚ್. ರೆಡ್ಡಿ ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ಮದುವೆಯ ವಯಸ್ಸು, ಮಕ್ಕಳ ಓದಿನ ಖರ್ಚು ಕುಟುಂಬದ ಗಾತ್ರವನ್ನು ಹೇಗೆ ಕುಗ್ಗಿಸಿದವು ಎಂದು ವಿವರಿಸಿದರು. ಭದ್ರಾ ನಾಲೆ, ಸೂಳೆಕೆರೆಗಳ ಆಸರೆಯಲ್ಲಿ ಭತ್ತ, ಅಡಿಕೆ ಬೆಳೆಯುವ ಚನ್ನಗಿರಿಗೂ ಮಳೆ ನೆಚ್ಚಿದ ಜಗಳೂರಿಗೂ ಎಪ್‌ಸ್ಟೀನ್ ಮಾಡಿದಂಥದೇ ಹೋಲಿಕೆ ನಡೆಯಬೇಕು.

ಇನ್ನು ಊರು ಬರಿದಾಗುವ ಪ್ರಶ್ನೆ. ಅದು ಪರದೇಶದಲ್ಲೂ ಇದೆ. ಬಲ್ಗೇರಿಯದ ಜನಸಂಖ್ಯೆ 1985ರಲ್ಲಿ ಸುಮಾರು 89 ಲಕ್ಷ, 2021ರಲ್ಲಿ 65 ಲಕ್ಷ. ಅಲ್ಲಿನ ಎಷ್ಟೋ ಹಳ್ಳಿಗಳು ಹೆಸರಿಗಷ್ಟೇ ಉಳಿದಿವೆ. ನಮ್ಮಲ್ಲಿ ಊರು ಬರಿದಾಗುವುದು ಸುಗ್ಗಿಯ ಲೆಕ್ಕದಲ್ಲಿ. ಲಂಬಾಣಿ ಸಮುದಾಯದ ಸಂತ ಸೇವಾಲಾಲರ ಜನ್ಮಸ್ಥಳ ಸೂರಗೊಂಡನಕೊಪ್ಪ ಇರುವುದು ಈ ಸೀಮೆಯಲ್ಲೇ. ಇಲ್ಲಿನ ಲಂಬಾಣಿ ತಾಂಡಾಗಳಿಂದ ಕಬ್ಬು ಕಡಿಯಲು, ಕಾಫಿ ಕೊಯ್ಯಲು ಕುಟುಂಬಗಳೇ ಗುಳೆ ಹೋಗುತ್ತವೆ. ಗಣತಿ ನಡೆಯುವ ಫೆಬ್ರವರಿ ಈ ಕೆಲಸದ ಕಾಲವೇ. ಎಣಿಕೆಯ ದಿನಗಳುದ್ದಕ್ಕೂ ಹೊರಗಿದ್ದವರು ಸಿಕ್ಕಲ್ಲಿ ಲೆಕ್ಕವಾಗುತ್ತಾರೆ, ತಾಂಡಾದ ಸಂಖ್ಯೆ ತಗ್ಗುತ್ತದೆ.

ತಾಂಡಾ, ಹಟ್ಟಿಗಳನ್ನು ಕಂದಾಯ ಗ್ರಾಮವಾಗಿಸುವ ಕೆಲಸ ರಾಜ್ಯದಲ್ಲಿ ಶುರುವಾಗಿದೆ. ಮುಂದಿನ ಗಣತಿಯ ಆಧಾರ ದಿನಾಂಕವಾಗಿ 2027ರ ಮಾರ್ಚ್ 1 ಗೊತ್ತಾಗಿದೆ. ಅಷ್ಟರೊಳಗೆ ಈ ವಸತಿಗಳು ತಮ್ಮದೇ ಹೆಸರಿನಲ್ಲಿ ಪಟ್ಟಿಗೆ ಬರಬೇಕು, ಗುಳೆಯ ಲೆಕ್ಕವನ್ನು ಬೇರೆಯಾಗಿ ಇಡಬೇಕು. ಶಾಲೆ, ಅಂಗನವಾಡಿ, ಪಡಿತರ ಸಿಗುವುದು ಲೆಕ್ಕದಲ್ಲಿರುವವರಿಗೇ.